ನಾನೇ ಎತ್ತಿದ ಎಲೆ

೨೨ ಸೆಪ್ಟೆಂಬರ್ ೧೯೯೯, ಬುಧವಾರ

ಸಾರಿ. ಇವತ್ತು ಬರೆಯಬಾರದಿತ್ತು. ನಾಳೆ ಝುವಾಲಜಿ ಟೆಸ್ಟ್, ಕಪ್ಪೆಯ ಹೃದಯ ಇನ್ನೂ ತಲೆಗೆ ಹೋಗಿಲ್ಲ. ಆದರೆ ಬರೆಯದಿದ್ದರೆ ಓದಲಿಕ್ಕೂ ಆಗುವುದಿಲ್ಲ — ಅದಕ್ಕೆ.

ಮೆಸ್‌ನಲ್ಲಿ ವಾರ್ಡನ್ ಹೇಳಿದರು: ಅಕ್ಟೋಬರ್ ಒಂಬತ್ತರಿಂದ ದಸರಾ ರಜ, ಹಾಸ್ಟೆಲ್‌ಗೆ ಬೀಗ, ಯಾರೂ ಉಳಿಯುವ ಹಾಗಿಲ್ಲ. ಎಲ್ಲರೂ ಹೋ ಎಂದು ಕೂಗಿದರು. ನಾನೂ ಕೂಗಿದೆ. ಹೋಗುವುದೆಲ್ಲಿಗೆ? ಅಮ್ಮ ಇಲ್ಲ. ಪಪ್ಪ ಮಸ್ಕತ್‌ನಲ್ಲಿ. ಊಟಿ ಕಾನ್ವೆಂಟ್‌ನಲ್ಲಾದರೆ ರಜೆಗೂ ಸಿಸ್ಟರ್ಸ್ ಇಟ್ಟುಕೊಳ್ಳುತ್ತಿದ್ದರು. ಈ ನಂಜನಗೂಡಿನಲ್ಲಿ ನನಗೆ ಯಾರಿದ್ದಾರೆ…

೨೫ ಸೆಪ್ಟೆಂಬರ್, ಶನಿವಾರ, ಸಂಜೆ

ಬಾಟನಿ ಟ್ರಿಪ್. ಕಾಲು ನೋವು, ನಾಚಿಕೆ, ಖುಷಿ — ಎಲ್ಲ ಒಟ್ಟಿಗೆ.

ಹುಲ್ಲಹಳ್ಳಿ ಬಸ್ಸಿಳಿದು ನಾಲೆ ಏರಿ ಮೇಲೆ ನಡಿಗೆ. ಗದ್ದೆ ಮುಗಿದದ್ದೇ ಮರಗಳು, ಮರಗಳೊಳಗೆ ಹಳೇ ಬಂಗಲೆ. ನೂರು ವರ್ಷ ದಾಟಿದೆಯಂತೆ. ಬಣ್ಣದ ಗಾಜಿನ ಕಿಟಕಿ. ನೆಲದ ಮೇಲೆಲ್ಲ ಕೆಂಪು, ಹಸಿರು ಬೆಳಕು. ಹಿಂದೆ ಕಾಡಿನಂಥ ತೋಟ, ಹೊಳೆಯವರೆಗೂ. ಹಿಪ್ಪೆ, ಮತ್ತಿ, ನಾಗಲಿಂಗ… ಶಂಭುಲಿಂಗಪ್ಪ ಸರ್ ಲ್ಯಾಟಿನ್ ಹೆಸರು ಕೂಗುತ್ತ ಮುಂದೆ. ನಾವು ರೆಂಜೆ ಹೂ ಆಯುತ್ತ ಹಿಂದೆ. ಒಂದು ಕಡೆ ಸುಮ್ಮನೆ ನಿಂತೆ. ಹಾಸ್ಟೆಲ್ ಬೆಲ್ ಇಲ್ಲ. ಕ್ಯೂ ಇಲ್ಲ. ಯಾರಿಗೂ ಕೇಳದ ಹಾಗೆ ಮರಕ್ಕೆ ಥ್ಯಾಂಕ್ಸ್ ಹೇಳಿದೆ.

ಮನೆಯ ಯಜಮಾನಿ ರುದ್ರಾಣಮ್ಮ. ಹಣೆ ತುಂಬ ವಿಭೂತಿ, ಏರು ದನಿ. ಇಡೀ ಕ್ಲಾಸಿಗೆ ಹಜಾರದಲ್ಲಿ ಬಾಳೆ ಎಲೆ ಊಟ. ಸೊಸೆಯರು ಬಡಿಸಿದರು. ಹೋಳಿಗೆ!

ಉಂಡು ಎದ್ದವಳೇ ನನ್ನ ಎಲೆ ಮಡಿಸಿ ಎತ್ತಿದೆ. ಕಾನ್ವೆಂಟ್ ರೂಢಿ — ಉಂಡದ್ದನ್ನು ತಾವೇ ತೆಗೆಯಬೇಕು. ಜೊತೆಗೆ ಪಕ್ಕದ ನಂದಿತಾಳದ್ದನ್ನೂ ಎತ್ತಿದೆ, ಅವಳಾಚೆಯದನ್ನೂ…

ಹಜಾರದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು.

“ಏನೇ ನಯನ, ಮಾಣಿ ಕೆಲ್ಸಕ್ಕೆ ಸೇರ್ಕೊಂಡ್ಯಾ?” ನಂದಿತಾ ಕಿಸಕ್ಕೆಂದಳು.

ಸರ್ ಮುಖ ಕೆಂಪು. “ಕೆಳಗಿಡಮ್ಮಾ! ನೆಂಟರು ಎಲೆ ಎತ್ತುದ್ರೆ ಮನೆಯವ್ರಿಗೆ ಅವಮಾನ!”

ಗೊತ್ತಿರಲಿಲ್ಲ. ಯಾರೂ ಹೇಳಿರಲಿಲ್ಲ. ಎಲೆ ಹಿಡಿದು ನಿಂತೇ ಇದ್ದೆ. ಸಾರು ಮೊಣಕೈಗೆ ಇಳಿಯುತ್ತಿತ್ತು. “ಸಾರಿ ಆಂಟಿ… ನಾನು ಹಾಸ್ಟೆಲ್…”

ರುದ್ರಾಣಮ್ಮ ಹತ್ತಿರ ಬಂದರು. “ಯಾಕ್ ಮೇಷ್ಟ್ರೇ ಮಗೀನ ಗದರ್ತೀರಿ? ನೆಂಟರು ಎತ್ತಬಾರ್ದು, ನಿಜ. ಮನೆ ಹೆಣ್ಣೈಕ್ಳು ಎತ್ತಬೋದಲ್ವಾ?” ನನ್ನ ಕಡೆ ತಿರುಗಿದರು. “ಆ ಸಾಲ್ನೂ ಎತ್ತವ್ವ. ಶುರು ಮಾಡಿದ್ಮೇಲೆ ಬಿಡ್ತೀನಾ?”

ಎಲ್ಲರೂ ನಕ್ಕರು. ನಾನೂ.

ಹಿತ್ತಲಲ್ಲಿ ನನ್ನ ಕೈಗೆ ನೀರು ಹಾಕುತ್ತ ರುದ್ರಾಣಮ್ಮ ಕೇಳಿದರು, “ರಜಕ್ಕೆ ಎಲ್ಗೋಯ್ತೀಯೆ?”

“ಗೊತ್ತಿಲ್ಲ ಆಂಟಿ.”

“ಗೊತ್ತಿಲ್ಲ ಅಂದ್ರೇನು? ಎಲೆ ಎತ್ತಿದ್ದೀಯಲ್ಲ. ಇಲ್ಲಿಗೇ ಬಾ.”

೨೭ ಸೆಪ್ಟೆಂಬರ್, ಸೋಮವಾರ

ನಂದಿತಾಗೆ ಹೇಳಬಾರದಿತ್ತು. “ಬಾಯ್ಮಾತಿಗೆ ಅಂತಾರೆ ಕಣೇ. ನಮ್ಮಮ್ಮನೂ ಬಂದೋರಿಗೆಲ್ಲ ಹಂಗೇ ಅನ್ನೋದು. ಸೂಟ್‌ಕೇಸ್ ಹಿಡ್ಕೊಂಡು ಹೋಗಿ ನಿಂತ್ಬಿಟ್ಟೀಯಾ!”

ಇರಬಹುದು. ಡಿಕ್ಷನರಿಯೊಳಗಿಟ್ಟ ರೆಂಜೆ ಹೂ ಒಣಗಿದೆ. ವಾಸನೆ ಹೋಗಿಲ್ಲ.

೪ ಅಕ್ಟೋಬರ್, ಸೋಮವಾರ, ಬೆಳಗ್ಗೆ

ಪಪ್ಪ ಫೋನ್ ಮಾಡಿದ್ದರು. ಬರಲು ಲೀವ್ ಇಲ್ಲ.

ಹುಲ್ಲಹಳ್ಳಿ ಬಸ್ಸಿನ ಕಂಡಕ್ಟರ್ ಕೈಲಿ ಚೀಟಿ ಕೊಟ್ಟರೆ ಬಂಗಲೆಗೆ ತಲುಪಿಸುತ್ತಾರಂತೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ — ನನ್ನ ಕನ್ನಡ…

“ರುದ್ರಾಣಮ್ಮನವರಿಗೆ ನಮಸ್ಕಾರ. ನಾನು, ಎಲೆ ಎತ್ತಿದ ನಯನ. ಊಟಕ್ಕೆ, ತೋಟಕ್ಕೆ, ಅವತ್ತು ನನ್ನ ಬೈಯದೆ ಇದ್ದದ್ದಕ್ಕೆ ಥ್ಯಾಂಕ್ಸ್. ರಜಕ್ಕೆ ಬಾ ಅಂದಿದ್ದು ಬಾಯಿಮಾತಿಗೆ ಆಗಿದ್ದರೂ ಬೇಜಾರಿಲ್ಲ, ಹಾಗೆ ಇದುವರೆಗೆ ಯಾರೂ ಅಂದಿರಲಿಲ್ಲ. ನಿಜವಾಗಿ ಅಂದಿದ್ದರೆ ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಬಡಿಸುವುದನ್ನೂ ಕಲಿಯುತ್ತೇನೆ. ಇದೇ ಕಂಡಕ್ಟರ್ ಕೈಲಿ, ದಯವಿಟ್ಟು ಬೇಗ ಉತ್ತರ ಕಳಿಸಿ.” ಇದನ್ನೇ ಚೀಟಿಗೆ ಇಳಿಸಿ ಇವತ್ತಿನ ಬಸ್ಸಿಗೇ ಕೊಡುತ್ತೇನೆ.