ಮುಳುಗಲು ಮಾತ್ರ ಅನುಮತಿ ಇರುವ ಸ್ಟೀಮರ್

ಪರಂಪರೆ ರಕ್ಷಣಾಧಿಕಾರಿಗಳಾದ ಮಾನ್ಯರೇ,

ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಇರಲಿ. ಕಾಲೇಜಿನ ಮೊದಲ ವರ್ಷದವಳು ನಾನು. ನನ್ನದು ಇಂಗ್ಲಿಷ್ ಬೆರೆತ ಹಾಸ್ಟೆಲ್ ಕನ್ನಡ. ವಾರ್ಡನ್‌ಗೆ ರಜಾಚೀಟಿ ಬಿಟ್ಟರೆ ಯಾವ ಅಧಿಕಾರಿಗೂ ಬರೆದವಳಲ್ಲ. ಇದನ್ನೂ ನಾಲ್ಕು ಸಲ ಹರಿದು ಹಾಕಿದೆ. ವಿಷಯ ಇಷ್ಟೇ: ಬಂದರಿನ ಹಳೆಯ ಉಗಿಹಡಗನ್ನು ನಿಮ್ಮ ಇಲಾಖೆ ಮುಳುಗಿಸುತ್ತಿದೆ. ಅದೂ ಬಹಳ ಕಾಳಜಿಯಿಂದ.

ಹನ್ನೊಂದು ವರ್ಷಗಳಿಂದ ಪ್ರತಿ ಭಾನುವಾರ ಆರೇಳು ಸ್ವಯಂಸೇವಕರು ಅದರ ತುಕ್ಕು ಕೆರೆದು, ಎಂಜಿನ್ನಿಗೆ ಎಣ್ಣೆ ಹಾಕಿ, ತಳದ ರಿವೆಟ್ಟುಗಳ ಸಂದಿಯಿಂದ ಜಿನುಗಿದ ನೀರನ್ನು ಕೈಪಂಪಿನಿಂದ ಹೊರಹಾಕುತ್ತಿದ್ದರು. ನಾನು ಸೇರಿದ ದಿನವೇ ಅವರಲ್ಲಿ ಹಿರಿಯರಾದ ಫಿಟ್ಟರ್ ತಾತ ಪಂಪಿನ ಹಿಡಿ ಕೊಟ್ಟು, “ಇನ್ನೂರು ಸಲ ಒತ್ತು ಮರಿ. ಇಂಗ್ಲಿಷಲ್ಲೇ ಎಣಿಸ್ಕೋ, ನೀರಿಗೇನೂ ಬೇಜಾರಿಲ್ಲ” ಅಂದಿದ್ದರು.

ಈಗ ನೀವು ಹಡಗನ್ನು ‘ಸಂರಕ್ಷಿತ’ ಎಂದು ಘೋಷಿಸಿದ್ದೀರಿ. ಹತ್ತುವ ದಾರಿಗೆ ಬೀಗ, ಪಕ್ಕದಲ್ಲಿ ‘ಮುಟ್ಟಬಾರದು’ ಎಂಬ ಬೋರ್ಡು. ಯಾರಿಂದ ರಕ್ಷಣೆ, ಸ್ವಾಮಿ? ಎಣ್ಣೆ ಕ್ಯಾನಿನಿಂದಲೇ? ಎಪ್ಪತ್ತಾರರ ತಾತನ ತೂತುಬಿದ್ದ ಕೈಗವಸಿನಿಂದಲೇ? ಬೋರ್ಡಿನ ಬಣ್ಣ ಮಾತ್ರ ಸೊಗಸಾಗಿದೆ. ಹಡಗಿಗೆ ಬಳಿಯಲು ಅಂಥದ್ದು ನಮಗೆ ಎಂದೂ ಸಿಕ್ಕಿರಲಿಲ್ಲ.

ಕಳೆದ ಭಾನುವಾರ ತಾತ ನಿಮ್ಮ ಕಾವಲುಗಾರನನ್ನು ಕೇಳಿದರು: “ಒಂದು ಗಂಟೆ ಬಿಡಪ್ಪ. ನೀರು ಹೊರಗೆ ಹಾಕಿ ಬಂದ್ಬಿಡ್ತೀವಿ.”

“ಮುಟ್ಟಬಾರ್ದು ಅಂತ ಆರ್ಡರ್ ಇದೆ ತಾತ.”

“ಮುಳುಗಿದ್ರೆ?”

“ಮುಳುಗಬಾರ್ದು ಅಂತ ಆರ್ಡರ್ ಬಂದಿಲ್ವಲ್ಲ.”

ಆತ ತಮಾಷೆ ಮಾಡುತ್ತಿರಲಿಲ್ಲ, ಪಾಪ. ಹಾಗಂದು ತನ್ನ ಕುರ್ಚಿಯನ್ನೇ ತಾತನಿಗೆ ಬಿಟ್ಟುಕೊಟ್ಟ. ತಾತ ಕೂರಲಿಲ್ಲ. ಕಟ್ಟೆಯ ಅಂಚಿನಲ್ಲಿ ನಿಂತು ಹಡಗಿನ ಹೊರಮೈಯ ಬಿಳಿ ಗೆರೆಯನ್ನೇ ನೋಡುತ್ತಿದ್ದರು. ಬೀಗ ಬಿದ್ದಾಗ ಅದು ನೀರಿನಿಂದ ಒಂದು ಗೇಣು ಮೇಲಿತ್ತು. ಐದು ವಾರಕ್ಕೆ ನಾಲ್ಕು ಬೆರಳಿಗೆ ಇಳಿದಿದೆ.

ಮರುದಿನ ಅರ್ಜಿ ಹಿಡಿದು ನಿಮ್ಮ ಕಚೇರಿಗೆ ಬಂದೆ. ಮೂರು ತಿಂಗಳ ನಂತರ ಪರಿಶೀಲನಾ ಸಮಿತಿ ಹಡಗಿನೊಳಗೆ ಇಳಿಯಲಿದೆ ಎಂದರು. ಸಂತೋಷ. ಸದಸ್ಯರಿಗೆ ಈಜು ಬರುತ್ತದೆಯೇ ಎಂದು ಈಗಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬೋರ್ಡು ತೆಗೆಯಬೇಡಿ. ಕಾವಲುಗಾರನನ್ನೂ ವಾಪಸ್ ಕಳಿಸಬೇಡಿ, ಬೇಕಿದ್ದರೆ ನಮ್ಮ ಪಕ್ಕದಲ್ಲೇ ನಿಲ್ಲಿಸಿ. ಭಾನುವಾರ ಬೆಳಿಗ್ಗೆ ಒಂದು ಗಂಟೆ ಬೀಗ ತೆಗೆಸಿಕೊಡಿ, ಸಾಕು. ಸಮಿತಿ ಬರುವವರೆಗೆ ಪಂಪಿನ ಹಿಡಿ ಬಿಟ್ಟು ಇನ್ನೇನನ್ನೂ ಮುಟ್ಟುವುದಿಲ್ಲ.

ಈ ಶನಿವಾರದೊಳಗೆ ದಯವಿಟ್ಟು ಉತ್ತರ ಕೊಡಿ.

ಇಂತಿ,
ನಿಮ್ಮ ರಕ್ಷಣೆಯ ದೆಸೆಯಿಂದ ದಡದಲ್ಲೇ ಉಳಿದ
ಪಂಪು ಒತ್ತುವವಳು