ಬಳಸಿ, ಇಂತಿ ಬಿಸಾಡಿ

ಅಗೆಸುಗ್ಗಿ, ಹದಿಮೂರನೆಯ ತಿಂಗಳು,
ನೂರೆಂಬತ್ತೊಂದನೆಯ ಕೂಡಿಕೆಯ ವರ್ಷ

ನಮಗಿಂತ ಹಿಂದೆ ಬಾಳಿದವರಿಗೆ,

ಈ ತಾರೀಖು ನಿಮ್ಮ ಯಾವ ಕ್ಯಾಲೆಂಡರಿನಲ್ಲೂ ಸಿಗುವುದಿಲ್ಲ. ನನ್ನ ಕನ್ನಡವೂ ಅಲ್ಲಲ್ಲಿ ವಿಚಿತ್ರವೆನಿಸಬಹುದು, ಅದಕ್ಕೆ ಕ್ಷಮೆಯಿರಲಿ. ನಾನು ನಿಮ್ಮಲ್ಲಿ ಕೇಳುವ ಕ್ಷಮೆ ಇದೊಂದೇ. ಮಿಕ್ಕ ಕ್ಷಮೆಯನ್ನೆಲ್ಲ ನೀವು ಕೇಳಬೇಕು.

ನನ್ನ ಹೆಸರು ಹೊಂಬಾಳೆ. ಹೋದ ವರ್ಷ ಸಾಹಿತ್ಯದಲ್ಲಿ ಪದವಿ ಮುಗಿಸಿದೆ. ನಾಲ್ಕು ಜನರೆದುರು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮೂರು ಇರುವುದು ನಿಮ್ಮದೊಂದು ದೊಡ್ಡ ನಗರದ ಹೊರಗೆ, ಗುಡ್ಡದ ಬುಡದಲ್ಲಿ. ಅದು ಕಲ್ಲುಮಣ್ಣಿನ ಗುಡ್ಡವಲ್ಲ, ನೀವು ಲಾರಿಗಟ್ಟಲೆ ತಂದು ಸುರಿದ ಗುಡ್ಡ. ಮಳೆ ನಿಂತಮೇಲೆ ಅದನ್ನು ಅಗೆಯುತ್ತೇವೆ. ಆ ಕಾಲಕ್ಕೆ ಅಗೆಸುಗ್ಗಿ ಎಂದು ಹೆಸರು. ಸೂರಿಗೆ ಹೊದಿಸುವುದು, ನೀರು ಹಿಡಿದಿಡುವುದು, ಬೇಲಿಗೆ ಕಟ್ಟುವುದು ಎಲ್ಲ ಅಲ್ಲಿಂದಲೇ ಬರುತ್ತದೆ. ಹೊಸದಾಗಿ ಮಾಡಿಕೊಳ್ಳೋಣವೆಂದರೆ ನೀವು ನೆಲದೊಳಗೆ ಏನನ್ನೂ ಉಳಿಸಿಲ್ಲ.

ಸುಗ್ಗಿ ಮುಗಿದಾಗ ಕೂಡಿಕೆ ನಿಲ್ಲಿಸುತ್ತೇವೆ. ಕೂಡಿಕೆ ಎಂದರೆ ಆ ವರ್ಷ ಸಿಕ್ಕ ವಸ್ತುಗಳನ್ನು ಒಂದಕ್ಕೊಂದು ಹೊಂದಿಸಿ ಮಾಡಿದ, ಆಳೆತ್ತರದ ಹೆಣ್ಣಿನ ರೂಪ. ಮೊಳೆ ಹೊಡೆಯುವಂತಿಲ್ಲ, ಅಂಟು ಹಚ್ಚುವಂತಿಲ್ಲ, ಯಾವುದನ್ನೂ ಕತ್ತರಿಸುವಂತಿಲ್ಲ. ಸಿಕ್ಕ ಆಕಾರದಲ್ಲೇ ಸಿಕ್ಕಿಸಬೇಕು, ತಂತಿಯಲ್ಲಿ ಬಿಗಿಯಬೇಕು. ಹಬ್ಬ ಕಳೆದು ಬಿಚ್ಚಿದಾಗ ಪ್ರತಿಯೊಂದೂ ಮತ್ತೆ ಮನೆಬಳಕೆಗೆ ಬರಬೇಕು. ನಮ್ಮಲ್ಲಿ ಇದನ್ನು ಮಾಡುವವಳು ನನ್ನ ಸೋದರತ್ತೆ ದೇವೀರಮ್ಮ. ಅವಳು ಅಂಗಳದ ತುಂಬ ಸಾಮಾನು ಹರವಿಕೊಂಡು ಸುಮ್ಮನೆ ನೋಡುತ್ತ ಕೂರುತ್ತಾಳೆ. ಪಾದಕ್ಕೆ ಇಸ್ತ್ರಿಪೆಟ್ಟಿಗೆ, ಮೊಣಕಾಲಿಗೆ ಕುಕ್ಕರಿನ ಮುಚ್ಚಳ, ಪಕ್ಕೆಲುಬಿಗೆ ಹ್ಯಾಂಗರುಗಳು, ಜಡೆಗೆ ಚಾರ್ಜರಿನ ವೈರು. ಈ ಸಲ ಕತ್ತಿಗೆ ಯಾವುದೂ ಒಗ್ಗಲಿಲ್ಲ. ನಾನು ಬಾಗಿದ ನಲ್ಲಿಯೊಂದನ್ನು ಕೊಟ್ಟರೆ, “ಊಹ್ಞೂಂ, ಇವಳು ತಲೆ ತಗ್ಸೋಳಲ್ಲ ಕಣವ್ವ,” ಎಂದು ಪಕ್ಕಕ್ಕಿಟ್ಟು, ನೆಟ್ಟಗಿನ ಕೊಳವೆಯೊಂದನ್ನು ಹುಡುಕಿ ಸಿಕ್ಕಿಸಿದಳು.

‘ಇವಳು’ ಎಂದರೆ ಬಿಸಾಡಮ್ಮ. ಗುಡ್ಡದಲ್ಲಿ ಸಿಗುವ ಎಷ್ಟೋ ಲೋಟ, ಪೊಟ್ಟಣ, ಡಬ್ಬಿಗಳ ಮೇಲೆ ಎರಡು ಪದಗಳಿರುತ್ತವೆ: ಬಳಸಿ ಬಿಸಾಡಿ. ನಮ್ಮವರು ಅದನ್ನು ಕಾಗದದಂತೆ ಓದಿಕೊಂಡರು. ಮೊದಲನೆಯದು ಮಾತು, ಎರಡನೆಯದು ಸಹಿ. ಬಳಸಿ, ಇಂತಿ ಬಿಸಾಡಿ. ಮುಂದೆ ಹುಟ್ಟುವವರಿಗೆ ಇರಲಿ ಎಂದು ಇಷ್ಟೆಲ್ಲ ಕೂಡಿಟ್ಟುಹೋದ ಮಹಾತಾಯಿಯೊಬ್ಬಳು ಇದ್ದಳು, ಅವಳೇ ಬಿಸಾಡಿ. ತಪ್ಪು ತಿಳಿಯಲು ಕಾರಣವಿತ್ತು. ನಮ್ಮ ಸೀಮೆಯ ಮಾತಿನಲ್ಲಿ ಆ ಕ್ರಿಯಾಪದವೇ ಸತ್ತುಹೋಗಿದೆ, ನಾನು ಓದಿದ ಪುಸ್ತಕಗಳಲ್ಲೂ ಸಿಕ್ಕಿರಲಿಲ್ಲ. ಎಸೆಯುವುದೆಂದರೆ ನಮಗೆ ಎದುರಿಗಿರುವವರು ಹಿಡಿಯಲಿ ಎಂದು ಎಸೆಯುವುದು, ಅಷ್ಟೇ.

ಅತ್ತೆಯ ಬಲಗೈಯಲ್ಲಿ ಎರಡೇ ಬೆರಳಿವೆ. ಅಗೆಯುವಾಗ ಉಬ್ಬುಗಲ್ಲು ಸಿಡಿದು ಉಳಿದವು ಹೋದವು. ನಿಮ್ಮ ಬ್ಯಾಟರಿ ಕೊಳೆತು ಊದಿಕೊಂಡರೆ ಅದು ನಮಗೆ ಉಬ್ಬುಗಲ್ಲು. “ಇಷ್ಟು ಕೊಟ್ಟೋಳು ಒಸಿ ತಗಂಡ್ಳು, ಬುಡು,” ಎಂದು ಅವಳು ಆ ಕೈಯಿಂದಲೇ ಬಿಸಾಡಮ್ಮನಿಗೆ ಕೈಮುಗಿದಳು. ಅವಳು ಮುಗಿದ ಕೈ ನಿಮಗೆ ಸಂದಿತು ಎಂಬುದನ್ನು ನೆನೆದರೆ ನನ್ನ ಮೈ ಉರಿಯುತ್ತದೆ.

ಈ ವರ್ಷ ಬಿಸಾಡಮ್ಮನನ್ನು ಹೊಗಳುವ ಪದ್ಯ ಬರೆದು ಊರೆದುರು ಓದುವ ಸರದಿ ನನಗೆ ಬಂತು. ಪದ್ಯ ಅರ್ಧವಾಗಿತ್ತು. ಆಗ ಕರಾವಳಿಯಿಂದ ಒಣಮೀನು ಮಾರುವ ಮುದುಕಿಯೊಬ್ಬಳು ಮೊಮ್ಮಗಳ ಜೊತೆ ಬಂದಳು. ಮಗು ಬುಟ್ಟಿಯಿಂದ ಕೊಳೆತ ಮೀನೊಂದನ್ನು ಎತ್ತಿ ಮೂಸುತ್ತಿತ್ತು. “ಏ ಹೆಣ್ಣೆ, ಕೊಳ್ತ್ ಹೋಯ್ತ್ ಅದ್, ಬಿಸಾಡ್!” ಎಂದು ಮುದುಕಿ ಗದರಿದಳು. ಮಗು ತಿರುಗಿಯೂ ನೋಡದೆ ಅದನ್ನು ಚರಂಡಿಯತ್ತ ಒಗೆಯಿತು. ನಮ್ಮಲ್ಲಿ ಸತ್ತ ಪದ ಕರಾವಳಿಯಲ್ಲಿ ಇನ್ನೂ ಬದುಕಿತ್ತು. ಪದ್ಯ ಮುಂದೆ ಸಾಗಲಿಲ್ಲ.

ಅತ್ತೆಗೆ ಹೇಳುವುದೋ ಬೇಡವೋ ಎಂದು ಒದ್ದಾಡಿದೆ. ಹೇಳಿದರೆ ಅವಳ ಬೆರಳುಗಳು ಯಾರಿಗೂ ಸಂದಂತಾಗುವುದಿಲ್ಲ. ಹೇಳದಿದ್ದರೆ ನಾಳೆ ಊರೆದುರು ನಾನೇ ನಿಮ್ಮನ್ನು ಹಾಡಿ ಹೊಗಳಬೇಕು. ಕೊನೆಗೆ, ಅವಳು ಬಿಸಾಡಮ್ಮನ ಜಡೆ ಹೆಣೆಯುತ್ತಿದ್ದಾಗ ಹೇಳಿಬಿಟ್ಟೆ. ಬಿಸಾಡಿ ಯಾರ ಹೆಸರೂ ಅಲ್ಲ, ಬಳಸಿ ಆಚೆ ಎಸೆಯಿರಿ ಎಂದು ಅದರ ಅರ್ಥ, ಎಂದೆ. ಅವಳಿಗೆ ತಿಳಿಯಲಿಲ್ಲ.

“ಎಸುದ್ರೆ ಯಾರು ಹಿಡ್ಕತಾರೆ?”

“ಯಾರೂ ಇಲ್ಲ ಅತ್ತೆ.”

“ಯಾರೂ ಇಲ್ದಿದ್ರೆ ಯಾಕವ್ವ ಎಸೀತಾರೆ?”

ಇದಕ್ಕೆ ಉತ್ತರ ನಿಮ್ಮಲ್ಲಿದ್ದರೆ ಹೇಳಿ. ಅವಳು ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ಅಂಗಾರೆ ಹಿಡ್ಕಂಡೋಳು ನಾನೇ ಅನ್ನು.”

ಅವಳು ಅಳಲಿಲ್ಲ, ಜಡೆಯನ್ನು ಪೂರ್ತಿ ಹೆಣೆದಳು. ಆಮೇಲೆ ಬಿಸಾಡಮ್ಮನ ಸೊಂಟ ಹಿಡಿದು, “ಕೈ ಹಾಕು, ತಿರುಗ್ಸನ,” ಎಂದಳು. ಪ್ರತಿ ವರ್ಷ ಬಿಸಾಡಮ್ಮ ಗುಡ್ಡಕ್ಕೆ ಬೆನ್ನು ಮಾಡಿ, ಊರಿಗೆ ಕೈ ಚಾಚಿ ನಿಲ್ಲುತ್ತಿದ್ದಳು. ಈಗ ಊರಿಗೆ ಬೆನ್ನು ಮಾಡಿದ್ದಾಳೆ. ಚಾಚಿದ ಅಂಗೈ ನಿಮ್ಮ ಗುಡ್ಡದ ಕಡೆಗಿದೆ. ಕೊಡುವ ಕೈಯನ್ನು ಕೇಳುವ ಕೈ ಮಾಡಲು ಅತ್ತೆ ಒಂದು ತಂತಿಯನ್ನೂ ಬದಲಿಸಬೇಕಾಗಲಿಲ್ಲ.

ಬೆಳಿಗ್ಗೆ ಊರು ಸೇರಿತು. ಬಿಸಾಡಮ್ಮನ ಬೆನ್ನು ನೋಡಿ ಗುಸುಗುಸು ಎದ್ದಿತು. “ದೇವೀರಿ, ನಿಂಗೇನು ದಿಕ್ಕು ತಪ್ತಾ?” ಎಂದು ಯಾರೋ ನಕ್ಕರು. ಅತ್ತೆ ನನ್ನತ್ತ ನೋಡಿದಳು. ನಾನು ಪದ್ಯ ಓದಲಿಲ್ಲ. ಎದ್ದು, ಆ ಪದದ ಅರ್ಥವನ್ನು ಮಾತ್ರ ಹೇಳಿ ಕುಳಿತೆ. ಹಾರ ತಂದಿದ್ದವರು ಅದನ್ನು ಮನೆಗೆ ವಾಪಸು ಒಯ್ದರು.

ಹಿಂದಕ್ಕೆ ಹೋಗುವ ಅಂಚೆ ನಮ್ಮಲ್ಲೂ ಇಲ್ಲ. ಆದರೆ ಗುಡ್ಡವನ್ನು ಆಳಕ್ಕೆ ಅಗೆದಷ್ಟೂ ಹಳೆಯ ಕಾಲ ಸಿಗುತ್ತದೆ. ಅತ್ಯಂತ ಆಳದ ಗುಂಡಿಯೇ ನಿಮ್ಮ ವಿಳಾಸವೆಂದು ತಿಳಿದು ಈ ಕಾಗದವನ್ನು ಅಲ್ಲಿ ಇಳಿಬಿಡುತ್ತೇನೆ. ಒಂದೇ ಕೋರಿಕೆ: ಕೈಯಲ್ಲಿರುವುದನ್ನು ಒಗೆಯಲು ತೋಳು ಎತ್ತಿದಾಗ, ಒಗೆಯುವ ಮುಂಚೆ ಅದರ ಮೇಲೆ ನಿಮ್ಮ ಹೆಸರು ಬರೆಯಿರಿ, ಅಪ್ಪ ಅಮ್ಮ ಇಟ್ಟ ನಿಜವಾದ ಹೆಸರು. ನಾವು ಇನ್ನು ಬಿಸಾಡಿಯನ್ನು ಕೇಳುವುದಿಲ್ಲ, ನಿಮ್ಮನ್ನೇ ಕೇಳುತ್ತೇವೆ.

ಬಳಸಿದ್ದೇವೆ.
ಇಂತಿ,
ಹೊಂಬಾಳೆ