ಎಷ್ಟನೇ ಬಸಿರು?

ತಿಲಕ್ ನಗರ, ಬೆಂಗಳೂರು
ಭಾನುವಾರ, ೧೭ ನವೆಂಬರ್ ೨೦೨೪

ಮುದ್ದು ಅರ್ಪಿತಾ,

ಅಮ್ಮನ ಆಶೀರ್ವಾದಗಳು. ನೀನು ಪಾಠ ಹೇಳುವ ಸ್ಕೂಲಿನ ವಿಳಾಸಕ್ಕೆ ಕಾಗದ ಬಂದಿದೆಯಲ್ಲ ಎಂದು ಗಾಬರಿಯಾಗಬೇಡ. ಇಲ್ಲಿ ಇಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಇದ್ದ ಹಾಗೇ ಇದೆ, ಹಟವೂ ಇದ್ದ ಹಾಗೇ ಇದೆ. ನೀನು ಕೇಳಿ ಹದಿನೆಂಟು ದಿನವಾಯಿತು. ಎರಡು ಸಲ ಬರೆದು ಹರಿದು ಹಾಕಿದೆ. ತಡ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ.

ನೀನು ಕೇಳಿದ್ದು ಇಷ್ಟೇ: "ಅಮ್ಮಾ, ಡಾಕ್ಟ್ರು ಕೇಳ್ತಿದ್ರು, ನಿಂಗೆ ಬಸಿರಲ್ಲಿ ಬಿಪಿ ಜಾಸ್ತಿ ಆಗಿತ್ತಾ? ಫಿಟ್ಸ್ ಏನಾದ್ರೂ ಬಂದಿತ್ತಾ?" ನಾನು, "ನಿನ್ನ ಹೊತ್ತಾಗ ಏನೂ ಇರ್ಲಿಲ್ಲ ಕಣೇ, ಕುಕ್ಕರ್ ಕೂಗ್ತಿದೆ, ಇಡ್ತೀನಿ" ಎಂದು ಫೋನ್ ಇಟ್ಟುಬಿಟ್ಟೆ. ಕುಕ್ಕರ್ ಕೂಗಿರಲಿಲ್ಲ, ಒಲೆಯನ್ನೇ ಹಚ್ಚಿರಲಿಲ್ಲ. ನಿಮ್ಮ ಮನೆಯಲ್ಲಿ ಫೋನ್ ಯಾವಾಗಲೂ ಸ್ಪೀಕರಿನಲ್ಲಿರುತ್ತದೆ, ಪಕ್ಕದಲ್ಲಿ ನಿಮ್ಮತ್ತೆ ಇರುತ್ತಾರೆ. ಒಳ್ಳೆಯ ಹೆಂಗಸು, ಇಲ್ಲವೆನ್ನುವುದಿಲ್ಲ. ಆದರೆ ಇದು ಬೀಗಿತ್ತಿಯ ಮುಂದೆ ಆಡುವ ಮಾತಲ್ಲ. ವಾಟ್ಸಾಪಿನಲ್ಲಿ ಇಷ್ಟುದ್ದ ಒತ್ತಲು ನನ್ನ ಬೆರಳು ಕೇಳುವುದಿಲ್ಲ. ಅದಕ್ಕೇ ಕಾಗದ.

ಮೊದಲು ಕೆಲಸದ ಸುದ್ದಿ ಹೇಳಿಬಿಡುತ್ತೇನೆ. ಅದಕ್ಕೂ ನಿನ್ನ ಪ್ರಶ್ನೆಗೂ ಸಂಬಂಧ ಇದೆ.

ಈ ತಾಯಿ-ಮಗು ಅಧ್ಯಯನಕ್ಕೆ ಸೇರಿ ಹನ್ನೊಂದು ವರ್ಷವಾಯಿತು. ಬಸುರಿಯರ ಮನೆಗೆ ತಿಂಗಳಿಗೊಮ್ಮೆ ಹೋಗುವುದು, ಬಿಪಿ ನೋಡುವುದು, ಫಾರಂ ತುಂಬುವುದು, ಹೆರಿಗೆಯಾದ ಮೇಲೆ ಮಗುವಿನ ತೂಕ ಹಿಡಿಯುವುದು. ನಮ್ಮ ಕೆಲಸ ಇಷ್ಟೇ. ವರದಿಯ ಮೇಲೆ ಹೆಸರು ಬರುವುದು ಡಾಕ್ಟರ್ ಸೀತಾಲಕ್ಷ್ಮಿ ಮೇಡಂ ಅವರದು, ಲಿಫ್ಟಿಲ್ಲದ ಮೂರು ಮಹಡಿ ಹತ್ತುವ ಮಂಡಿ ನಮ್ಮದು. ನಮ್ಮ ಫಾರಂಗಳೆಲ್ಲ ಜೆ.ಪಿ. ನಗರದ ಆಫೀಸಿನಲ್ಲಿ ದಿನೇಶ್ ಎನ್ನುವ ಹುಡುಗನ ಕಂಪ್ಯೂಟರಿಗೆ ಹೋಗುತ್ತವೆ. ಒಂದು ಅಂಕಿ ಹೆಚ್ಚುಕಮ್ಮಿಯಾದರೆ ಅವನಿಂದ ಫೋನ್. ಒಮ್ಮೆ, "ಅಕ್ಕಾ, ನೀವು ಬರ್ದಿರೋ ಪ್ರಕಾರ ಈ ಮಗು ಹೋದ ತಿಂಗಳಿಗಿಂತ ಎರಡು ಇಂಚು ಕುಳ್ಳಗಾಗಿದೆ" ಎಂದ. ಅವತ್ತು ಪೂರ್ತಿ ಆಫೀಸು ನಕ್ಕಿದ್ದು ನನ್ನನ್ನು ನೋಡಿ.

ನಮ್ಮ ಫಾರಂನಲ್ಲಿ ಮೊದಲು ಬರುವ ಪ್ರಶ್ನೆಗಳಲ್ಲಿ ಒಂದು, "ಇದು ಎಷ್ಟನೇ ಬಸಿರು?" ಕೇಳುವುದಕ್ಕೆ ಸುಲಭ. ಉತ್ತರ ಮಾತ್ರ ಯಾವಾಗಲೂ ಅತ್ತೆಯ ಬಾಯಿಂದ ಬರುತ್ತದೆ. ಅತ್ತೆ ಎದುರಿಗಿದ್ದರೆ ಸೊಸೆ ಸತ್ಯ ಹೇಳುವುದು ಕಷ್ಟ. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೇನೆ. "ಅಮ್ಮಾ, ತಾಯಿ ಕಾರ್ಡ್ ಜೆರಾಕ್ಸ್ ಒಂದು ಬೇಕಿತ್ತಲ್ಲ" ಎಂದರೆ ಸಾಕು, ಸರ್ಕಾರದ ಕೆಲಸವೆಂದುಕೊಂಡು ಎಂಥಾ ಗಟ್ಟಿಗಿತ್ತಿ ಅತ್ತೆಯೂ ಚಪ್ಪಲಿ ಮೆಟ್ಟಿ ಹೊರಡುತ್ತಾಳೆ. ಹೋಗಿ ಬರಲು ಹತ್ತು ನಿಮಿಷ. ನನಗೆ ಅಷ್ಟು ಸಾಕು. ಆ ಜೆರಾಕ್ಸ್ ಯಾವುದಕ್ಕೂ ಬೇಕಿಲ್ಲ.

ನಮ್ಮ ಹಿಂದಿನ ಬೀದಿಯಲ್ಲಿ ರಮ್ಯ ಅಂತ ಒಬ್ಬಳಿದ್ದಾಳೆ. ನಿನ್ನದೇ ವಯಸ್ಸು. ಅವರು ಸುಬ್ರಹ್ಮಣ್ಯಪುರದಿಂದ ಇಲ್ಲಿಗೆ ಮನೆ ಬದಲಾಯಿಸಿ ಒಂದು ವರ್ಷ. ಅವಳ ಅತ್ತೆ ಯಲ್ಲಮ್ಮ ಮೊದಲ ದಿನವೇ, "ಚೊಚ್ಚಲು ಮೇಡಂ, ಬರ್ಕೊಳ್ಳಿ" ಎಂದರು. ನಾನು ಒಂದು ಎಂದು ಬರೆದೆ. ಆದರೆ ಅಪ್ಪೀ, ಹನ್ನೊಂದು ವರ್ಷ ಹೊಟ್ಟೆಗಳನ್ನೇ ನೋಡಿದವಳು ನಾನು. ಅದು ಚೊಚ್ಚಲ ಹೊಟ್ಟೆಯಲ್ಲ ಎಂದು ಅನ್ನಿಸಿತ್ತು. ಆದರೂ ಅವತ್ತು ಜೆರಾಕ್ಸ್ ಕೇಳಲಿಲ್ಲ. ಮುಂದಿನ ತಿಂಗಳೂ ಕೇಳಲಿಲ್ಲ, ಅದರ ಮುಂದಿನ ತಿಂಗಳೂ ಇಲ್ಲ. ಮುಚ್ಚಿಟ್ಟುಕೊಂಡವರನ್ನು ಕೆದಕಲು ನನಗೆ ಮನಸ್ಸಾಗಲಿಲ್ಲ.

ಎಂಟನೇ ತಿಂಗಳಲ್ಲಿ ಹೋದಾಗ ಅವಳ ಬಿಪಿ ನೂರೈವತ್ತು-ನೂರು. ಐದು ನಿಮಿಷ ಬಿಟ್ಟು ನೋಡಿದರೂ ಅಷ್ಟೇ. ಆಗ ಯಲ್ಲಮ್ಮನನ್ನು ಜೆರಾಕ್ಸಿಗೆ ಅಟ್ಟಿದೆ. ಬಾಗಿಲು ಮುಚ್ಚಿದ್ದೇ ತಡ, ಆ ಹುಡುಗಿ ನನ್ನ ಕೈ ಹಿಡಿದುಕೊಂಡು, "ಆಂಟಿ, ಹೋದ ಸಲಾನೂ ಹಿಂಗೇ ಕಣ್ಣು ಮಂಜಾಗಿತ್ತು, ಆಮೇಲೆ ಏನಾಯ್ತೋ ಗೊತ್ತಿಲ್ಲ. ಎಚ್ಚರ ಆದಾಗ ಮಗು ಇರ್ಲಿಲ್ಲ" ಎಂದಳು. ಈಗಲೂ ಕಣ್ಣು ಮಂಜಾಗುತ್ತಿದೆಯಾ ಎಂದು ಕೇಳಿದೆ. "ನಿನ್ನೆಯಿಂದ" ಎಂದಳು.

ಆಟೋ ಕರೆದೆ. ಯಲ್ಲಮ್ಮ ಜೆರಾಕ್ಸ್ ಹಿಡಿದು ಬರುವ ಹೊತ್ತಿಗೆ ನಾವಿಬ್ಬರೂ ಗೇಟಿನಲ್ಲಿದ್ದೆವು. "ಏನ್ ಹೇಳಿದ್ಯೇ ನೀನು?" ಎಂದು ಸೊಸೆಗೆ ಗದರಿದರು. "ಹೋದದ್ದನ್ನ ಬಾಯಲ್ಲಿ ಆಡ್ಬಾರ್ದು, ಇದಕ್ಕೂ ತಗಲುತ್ತೆ" ಎಂದು ನನಗೂ ಹೇಳಿದರು. ನಾನು ಅವರನ್ನೂ ಆಟೋ ಹತ್ತಿಸಿದೆ. ಆದರೆ ಆ ಹೆಂಗಸನ್ನು ಮೆಚ್ಚಬೇಕು. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಯಾರಿಗೂ ಕಾಯದೆ, "ಇದು ಎರಡ್ನೇದು ಸಾರ್, ಮೊದಲ್ನೇದು ಉಳೀಲಿಲ್ಲ, ಫಿಟ್ಸ್ ಬಂದಿತ್ತು" ಎಂದು ಅವರೇ ಹೇಳಿದರು. ಹೇಳಿ ಸೆರಗಿನಲ್ಲಿ ಮುಖ ಒರೆಸಿಕೊಂಡರು. ಮಾರನೇ ದಿನ ಆಪರೇಷನ್ ಮಾಡಿ ಮಗು ತೆಗೆದರು. ಎರಡು ಕೆಜಿ ನೂರು ಗ್ರಾಂ, ಗಂಡು. ತಾಯಿ ಮಗು ಇಬ್ಬರೂ ಈಗ ಮನೆಯಲ್ಲಿದ್ದಾರೆ.

ಆಫೀಸಿನಲ್ಲಿ ಸೀತಾಲಕ್ಷ್ಮಿ ಮೇಡಂ ನನ್ನ ಫಾರಂಗಳನ್ನು ಮುಂದಿಟ್ಟುಕೊಂಡು ಕೂತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸುಧಾಮಣಿ, ನಿಮಗೆ ಗೊತ್ತಾಗ್ಲಿಲ್ವಾ, ಇಲ್ಲಾ ಗೊತ್ತಿದ್ದೂ ಕೇಳ್ಲಿಲ್ವಾ?" ಎಂದರು. ಗೊತ್ತಿದ್ದೂ ಕೇಳಲಿಲ್ಲ ಎಂದೆ. "ಯಾಕೆ?" ಎಂದರು. ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಹೇಳಲಿಲ್ಲ. ಮನೆಗೆ ಬಂದವಳೇ ಕಾಗದ ತೆಗೆದುಕೊಂಡು ಕೂತೆ. ಅವತ್ತು ಬರೆದದ್ದನ್ನೂ ಹರಿದೆ ಅನ್ನು.

ಈಗ ಕೇಳು. ನೀನು ಚೊಚ್ಚಲಲ್ಲ.

ನಿನಗಿಂತ ಮುಂಚೆ ನನಗೊಂದು ಬಸಿರು ಆಗಿತ್ತು. ಆಗ ನಾವು ಅಂಜನಾಪುರದಲ್ಲಿ ನಿಮ್ಮಜ್ಜಿಯ ಜೊತೆ ಇದ್ದೆವು. ಎಂಟನೇ ತಿಂಗಳಲ್ಲಿ ಕಾಲು ಊದಿಕೊಂಡಿತು, ಎರಡು ದಿನ ತಲೆ ಸಿಡಿಯುತ್ತಿತ್ತು. ನಾನು ಯಾರಿಗೂ ಹೇಳದೆ ಅಮೃತಾಂಜನ ಹಚ್ಚಿಕೊಂಡು ಮಲಗಿದೆ. ಮೂರನೇ ದಿನ ಫಿಟ್ಸ್ ಬಂತು. ಮಗು ಸತ್ತೇ ಹುಟ್ಟಿತು. ಆಮೇಲೆ ತಿಲಕ್ ನಗರಕ್ಕೆ ಬಂದೆವು. ನೀನು ಹೊಟ್ಟೆಯಲ್ಲಿದ್ದಾಗ ಆಸ್ಪತ್ರೆಯ ಚೀಟಿಯಲ್ಲಿ ನಿಮ್ಮಜ್ಜಿ ಚೊಚ್ಚಲು ಎಂದೇ ಬರೆಸಿದರು. ನಾನು ಪಕ್ಕದಲ್ಲೇ ನಿಂತಿದ್ದೆ, ಸುಮ್ಮನಿದ್ದೆ. ಗುಡುಗು ಸಿಡಿಲು ಬಂದಾಗಲೆಲ್ಲ ಚೊಚ್ಚಲ ಮಗು ಹೊರಗೆ ಹೋಗಬಾರದೆಂದು ನಿನ್ನನ್ನು ಒಳಗೆ ಕೂರಿಸುತ್ತಿದ್ದರಲ್ಲ, ಆಗಲೂ ಸುಮ್ಮನಿದ್ದೆ. ಪಾಪ, ಎಷ್ಟು ಮಳೆಯಾಟ ತಪ್ಪಿತು ನಿನಗೆ.

ನಿನ್ನ ಬಸಿರಿನಲ್ಲಿ ಏನೂ ಆಗಲಿಲ್ಲ ಎಂದಿದ್ದು ನಿಜ. ಆದರೆ ನಿಮ್ಮ ಡಾಕ್ಟರಿಗೆ ಬೇಕಾಗಿರುವುದು ಅದರ ಹಿಂದಿನದು. ತಾಯಿಗೆ ಹೀಗಾಗಿದ್ದರೆ ಮಗಳಿಗೂ ಆಗಬಹುದು. ಆಗಲೇಬೇಕು ಅಂತಿಲ್ಲ, ಆದರೆ ಕಣ್ಣಿಟ್ಟಿರಬೇಕು. ನಾಳೆಯೇ ಹೋಗಿ ಹೇಳು. ತಲೆನೋವು ಬಂದರೆ, ಕಣ್ಣು ಮಂಜಾದರೆ, ಮುಖ ಕೈ ಊದಿದರೆ ಗಂಡ ಬರಲಿ ಎಂದು ಕಾಯಬೇಡ, ಕ್ಲಾಸ್ ಮುಗಿಯಲಿ ಎಂದೂ ಕಾಯಬೇಡ. ಆಟೋ ಹತ್ತು. ನಿಮ್ಮತ್ತೆಗೆ ನೀನೇ ಹೇಳಿದರೂ ಸರಿ, ನಾನು ಬಂದು ಹೇಳಿದರೂ ಸರಿ. ನಿಮ್ಮಪ್ಪನನ್ನು ಮಾತ್ರ ಈ ವಿಷಯ ಕೇಳಬೇಡ. ಎದ್ದು ಹೋಗಿ ಸ್ಕೂಟರ್ ಒರೆಸುತ್ತಾ ನಿಲ್ಲುತ್ತಾರೆ.

ನನ್ನ ಮೇಲೆ ಕೋಪ ಬಂದರೆ ಬರಲಿ. ಮಾತ್ರೆ ತಪ್ಪಿಸಬೇಡ. ಸೊಪ್ಪು ತಿನ್ನು, ಅಳಿಯಂದಿರಿಗೂ ತಿನ್ನಿಸು. ಒಂಬತ್ತು ತುಂಬಿ, ಸುಖವಾಗಿ ಹೆತ್ತು, ಮಡಿಲು ತುಂಬಿಕೊಂಡು ಅಮ್ಮನ ಮನೆಗೆ ಬಾ.

ಇಂತಿ ನಿನ್ನ ಅಮ್ಮ,
ಸುಧಾಮಣಿ

ವಿ.ಸೂ.: ಅಂಟು ಹಚ್ಚಿದ ಕವರನ್ನು ಮತ್ತೆ ಬಿಚ್ಚಿದ್ದೇನೆ. ಮಗು ಸತ್ತೇ ಹುಟ್ಟಿತು ಎಂದು ಮೇಲೆ ಬರೆದೆನಲ್ಲ, ಅದು ನಿಜವಲ್ಲ. ನಮ್ಮ ಕೆಲಸದಲ್ಲಿ ಯಾರಾದರೂ ಹಾಗೆಂದರೆ ನಾವು ಬಿಡುವುದಿಲ್ಲ, "ಹುಟ್ಟಿದಾಗ ಅತ್ತಿತ್ತಾ?" ಎಂದು ಇನ್ನೊಂದು ಸಲ ಕೇಳಬೇಕು. ಅತ್ತಿತ್ತಂತೆ. ನಾಲ್ಕು ದಿನ ಇತ್ತು. ನನಗೆ ಎಚ್ಚರವಾದದ್ದು ಎರಡನೇ ದಿನ. ಮಗು ಗಾಜಿನ ಪೆಟ್ಟಿಗೆಯಲ್ಲಿದೆ ಎಂದರು. ಉಳಿಯುವುದಿಲ್ಲ, ನೋಡಿ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದೂ ಹೇಳಿದರು. ನರ್ಸಮ್ಮ ಮಾತ್ರ ದಿನಾ ಬಂದು, "ಬಾಮ್ಮ, ಒಂದ್ ಸಲ ಎತ್ಕೊಳ್ಳುವಂತೆ" ಎಂದು ಕರೆಯುತ್ತಿದ್ದಳು. ನನಗೆ ನಡೆಯಲು ಆಗುತ್ತಿತ್ತು. ಹೆದರಿಕೆಯಾಯಿತು. ನಾಳೆ ಬರ್ತೀನಿ ಎಂದೆ. ಎರಡು ದಿನವೂ ಹಾಗೇ ಅಂದೆ. ನಿಮ್ಮಪ್ಪ ಹೋಗಿ ನೋಡಿಕೊಂಡು ಬರುತ್ತಿದ್ದರು. ಈ ಹನ್ನೊಂದು ವರ್ಷದಲ್ಲಿ ಸಾವಿರಾರು ಮಕ್ಕಳನ್ನು ಎತ್ತಿ ತೂಕ ಹಿಡಿದಿದ್ದೇನೆ ಅಪ್ಪೀ. ಅವಳನ್ನು ಒಂದು ಸಲವೂ ಎತ್ತಿಕೊಳ್ಳಲಿಲ್ಲ. ಹೆಣ್ಣು ಮಗು. ನಿನ್ನ ಅಕ್ಕ.